ಟ್ಯೂನಬಲ್ ಮೆಟಾಸರ್ಫೇಸ್: ಓರೆಯಾಗಿ ನೋಡಿದಾಗ ಬಣ್ಣ ಬದಲಾದರೆ ಸಾಲದು

ಓರೆ ಮಾಡಿದರೆ ಬಣ್ಣ ಬದಲಾಗುವ ಹೊಳಪಿನ ಹಾಳೆಗಳನ್ನೆಲ್ಲ ‘ಟ್ಯೂನಬಲ್ ಮೆಟಾಸರ್ಫೇಸ್’ ಎಂದು ಕರೆಯುವುದು ಜಾಸ್ತಿಯಾಗಿದೆ. ಇದು ತಪ್ಪು.

ಮೆಟಾಸರ್ಫೇಸ್ ಬಗ್ಗೆ ಗೊಂದಲ ಕಡಿಮೆ. ಬೆಳಕಿನ ತರಂಗಾಂತರಕ್ಕಿಂತ ಚಿಕ್ಕ ಕಂಬಗಳನ್ನೋ ಲೋಹದ ತುಣುಕುಗಳನ್ನೋ ಒತ್ತಾಗಿ ಜೋಡಿಸಿದ ತೆಳು ಪದರ ಅದು. 2011ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸ್ಸೊ ತಂಡ ‘ವಿ’ ಆಕಾರದ ಚಿನ್ನದ ತುಣುಕುಗಳಿಂದ ಇನ್‌ಫ್ರಾರೆಡ್ ಬೆಳಕನ್ನು ಬೇಕಾದತ್ತ ತಿರುಗಿಸಿ ತೋರಿಸಿತು. ಜನ ಎಡವುವುದು ‘ಟ್ಯೂನಬಲ್’, ಅಂದರೆ ಬೇಕಾದಾಗ ಬದಲಿಸಬಲ್ಲದ್ದು, ಎಂಬ ಮಾತಿನ ಹತ್ತಿರ.

ಪರೀಕ್ಷೆ ಸುಲಭ. ಬೆಳಕು ಅದೇ ಇರಲಿ, ಕೋನ ಅದೇ ಇರಲಿ, ನೀವೂ ಕದಲಬೇಡಿ. ಆಗಲೂ ಪದರದ ವರ್ತನೆಯನ್ನು ಬದಲಿಸಲು ಆಗುತ್ತದಾ? ಆದರೆ ಮಾತ್ರ ಅದು ಟ್ಯೂನಬಲ್. ಮಾರ್ಫೊ ಚಿಟ್ಟೆಯ ನೀಲಿ ರೆಕ್ಕೆ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅದರ ನ್ಯಾನೊ ರಚನೆ ಇದ್ದಂತೆಯೇ ಇರುತ್ತದೆ, ಬದಲಾಗುವುದು ನಾವು ನೋಡುವ ಕೋನ ಅಷ್ಟೇ. ಪ್ಯಾಂಥರ್ ಊಸರವಳ್ಳಿ ಗೆಲ್ಲುತ್ತದೆ. ಅದರ ಚರ್ಮದಲ್ಲಿ ಗ್ವಾನೀನ್ ಎಂಬ ವಸ್ತುವಿನ ನ್ಯಾನೊ ಹರಳುಗಳಿವೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹಿಗ್ಗುತ್ತದೆ, ಹಸಿರು ಮೈ ಹಳದಿಗೆ ತಿರುಗುತ್ತದೆ. 2015ರಲ್ಲಿ ಜಿನೀವಾದ ವಿಜ್ಞಾನಿಗಳು ಇದನ್ನು ವಿವರಿಸಿದರು. ರಚನೆಯೇ ಬದಲಾಗುವುದು ಅಂದರೆ ಇದು.

‘ಕಂಬದ ಅಗಲ ಬದಲಿಸಿದರೆ ಬಣ್ಣ ಬದಲಾಗುತ್ತದಲ್ವಾ, ಅದೂ ಟ್ಯೂನಿಂಗ್ ತಾನೆ?’ ಎಂಬ ವಾದವೂ ಇದೆ. ಅದು ವಿನ್ಯಾಸದ ಆಯ್ಕೆ. ಒಮ್ಮೆ ಕೊರೆದ ಮೇಲೆ ಕಂಬದ ಅಗಲ ಬದಲಾಗುವುದಿಲ್ಲ.

ರಚನೆಯನ್ನೇ ಅಲುಗಿಸಬೇಕೆಂದಿಲ್ಲ, ವಸ್ತುವಿನ ಗುಣ ಬದಲಿಸಿದರೂ ಆಯಿತು. ವನೇಡಿಯಂ ಡೈಆಕ್ಸೈಡ್ ಸುಮಾರು 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೋಹದಂತೆ ವರ್ತಿಸತೊಡಗುತ್ತದೆ, ಆರಿದರೆ ಹಳೆಯ ಸ್ಥಿತಿಗೆ ಮರಳುತ್ತದೆ. ಅಂದರೆ ಬಿಸಿ ಕೊಡುತ್ತಲೇ ಇರಬೇಕು. ಜರ್ಮೇನಿಯಂ, ಆಂಟಿಮನಿ, ಟೆಲ್ಯೂರಿಯಂ ಸೇರಿದ ಮಿಶ್ರಣ ನನಗೆ ಹೆಚ್ಚು ಇಷ್ಟ. ಅಳಿಸಿ ಬರೆಯುವ ಡಿವಿಡಿಗಳಲ್ಲಿ ಇದ್ದದ್ದು ಇದೇ ಜಾತಿಯ ವಸ್ತು. ಒಮ್ಮೆ ಬದಲಿಸಿದರೆ ವಿದ್ಯುತ್ ಇಲ್ಲದೆಯೂ ಹಾಗೇ ಉಳಿಯುತ್ತದೆ. ಹರಳಿನ ಸ್ಥಿತಿಯಿಂದ ಪರಮಾಣುಗಳು ಕ್ರಮವಿಲ್ಲದೆ ಇರುವ ಹಿಂದಿನ ಸ್ಥಿತಿಗೆ ತರಲು ಮಾತ್ರ ಕರಗಿಸಿ ತಕ್ಷಣ ತಣಿಸಬೇಕು. ಎಲ್‌ಸಿಡಿ ಪರದೆಗಳಲ್ಲಿರುವಂಥ ಲಿಕ್ವಿಡ್ ಕ್ರಿಸ್ಟಲ್ ಬಳಸುವುದೂ ಉಂಟು, ಹಿಗ್ಗುವ ರಬ್ಬರಿನಂಥ ಪದರವನ್ನು ಎಳೆಯುವುದೂ ಉಂಟು.

ನಿಜವಾದ ಕಷ್ಟ ಬೇರೆಡೆ ಇದೆ. ಇಡೀ ಪದರವನ್ನು ಒಟ್ಟಿಗೆ ಬದಲಿಸಬಹುದು. ಪ್ರತಿ ಕಂಬವನ್ನೂ ಬೇರೆಬೇರೆಯಾಗಿ ಬದಲಿಸಬೇಕೆಂದರೆ ಅಷ್ಟು ಇಕ್ಕಟ್ಟಿನಲ್ಲಿ ವಿದ್ಯುತ್ ಸಂಪರ್ಕ ಕೊಡುವುದೇ ದೊಡ್ಡ ತಲೆನೋವು. ಹಾಗಾಗಿ ಎಷ್ಟೋ ವಿನ್ಯಾಸಗಳಲ್ಲಿ ಒಂದಿಡೀ ಸಾಲಿಗೆ ಒಂದೇ ವೋಲ್ಟೇಜ್ ಕೊಡುತ್ತಾರೆ. ಸಾಲುಗಳು ಮೇಲಿಂದ ಕೆಳಕ್ಕಿದ್ದರೆ ಅಂಥ ಪದರ ಬೆಳಕಿನ ಕಿರಣವನ್ನು ಎಡಬಲಕ್ಕೆ ತಿರುಗಿಸುತ್ತದೆ, ಮೇಲೆ ಕೆಳಗೆ ತಿರುಗಿಸಲಾರದು.