ಕೈಟ್‌ಬೋರ್ಡಿಂಗ್ ಕಲಿಕೆಗೆ ಬೇಕಾದ ದೇಹಸಿದ್ಧತೆ

ದೊಡ್ಡ ಗಾಳಿಪಟದ ಸೆಳೆತದಿಂದ, ಬೋರ್ಡ್ ಎಂಬ ಹಲಗೆಯ ಮೇಲೆ ನಿಂತು ನೀರಿನ ಮೇಲೆ ಸಾಗುವ ಆಟ ಕೈಟ್‌ಬೋರ್ಡಿಂಗ್. ಅದನ್ನು ಕಲಿಯುವವರಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಮುಂಗೈ. ನನ್ನ ಮೊದಲ ದಿನದ ಅಭ್ಯಾಸ ಮುಗಿದಾಗ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಬೆರಳುಗಳು ಒಪ್ಪಲಿಲ್ಲ. ತೋಳಿನಲ್ಲಿ ಬಲ ಸಾಲದೆಂದು ಆಗ ತಿಳಿದಿದ್ದೆ. ಅದು ತಪ್ಪು ತಿಳಿವಳಿಕೆ.

ಪಟದಿಂದ ಇಪ್ಪತ್ತು ಮೀಟರಿಗೂ ಉದ್ದದ ಲೈನುಗಳ, ಅಂದರೆ ಹಗ್ಗಗಳ, ಮೂಲಕ ಬರುವ ಸೆಳೆತದ ಬಹುಪಾಲನ್ನು ಹೊರುವುದು ಸೊಂಟಕ್ಕೆ ಕಟ್ಟಿದ ಹಾರ್ನೆಸ್ ಪಟ್ಟಿಯ ಕೊಕ್ಕೆ. ಕೈಯಲ್ಲಿ ಹಿಡಿಯುವ ಕೋಲು, ಅಂದರೆ ಬಾರ್, ಇರುವುದು ಪಟವನ್ನು ತಿರುಗಿಸಲು, ಅದರ ಬಲವನ್ನು ಏರಿಸಿ ಇಳಿಸಲು. ಹೆದರಿದವನು ಬಾರನ್ನು ಎದೆಯತ್ತ ಎಳೆದುಕೊಳ್ಳುತ್ತಾನೆ. ಎಳೆದಷ್ಟೂ ಪಟ ಗಾಳಿಗೆ ಒಡ್ಡಿಕೊಳ್ಳುವ ಕೋನ ಹೆಚ್ಚಿ ಸೆಳೆತ ಜೋರಾಗುತ್ತದೆ, ಸೆಳೆತ ಜೋರಾದಂತೆ ಅವನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ಇಲ್ಲಿ ಗಟ್ಟಿ ತೋಳಿನವನಿಗೇ ತೊಂದರೆ ಹೆಚ್ಚು, ಏಕೆಂದರೆ ಅವನು ಬಹಳ ಹೊತ್ತು ಬಿಡುವುದಿಲ್ಲ. ಬಾರನ್ನು ದೂರ ಸರಿಯಗೊಟ್ಟರೆ ಬಲ ತಾನಾಗಿ ಕುಗ್ಗುತ್ತದೆ.

ಆದ್ದರಿಂದ ಸಿದ್ಧತೆಯಲ್ಲಿ ನಾನು ಮೊದಲ ಸ್ಥಾನ ಕೊಡುವುದು ಈಜಿಗೆ. ಬೋರ್ಡ್ ಏರುವುದಕ್ಕೂ ಮುನ್ನ, ಪಟದ ಎಳೆತದಿಂದ ಮೈಯನ್ನೇ ನೀರಿನಲ್ಲಿ ಸಾಗಿಸಿಕೊಳ್ಳಲು ಕಲಿಸುವ ಬಾಡಿ ಡ್ರ್ಯಾಗ್‌ನಲ್ಲಿ ಒಂದು ಕೈ ಬಾರಿನ ಮೇಲಿರುತ್ತದೆ, ಇನ್ನೊಂದು ತೋಳು ನೀರಿನೊಳಗೆ ಮುಂದಕ್ಕೆ ಚಾಚಿ ಚುಕ್ಕಾಣಿಯಂತೆ ಕೆಲಸ ಮಾಡುತ್ತದೆ, ಕಣ್ಣು ಮಾತ್ರ ಪಟದ ಮೇಲೆಯೇ ಇರಬೇಕು. ಮುಖಕ್ಕೆ ಅಲೆ ಬಡಿದು ಉಪ್ಪುನೀರು ಬಾಯಿಗೆ ಬಂದರೂ ಉಸಿರಿನ ಲಯ ಕೆಡದಂತಿರಲು ಕೊಳದ ಈಜಷ್ಟೇ ಸಾಲದು, ಕಡಲಿನ ಪರಿಚಯವೂ ಬೇಕು. ತೇಲುವ ಜಾಕೆಟ್ ಇದಕ್ಕೆ ಬದಲಿಯಲ್ಲ: ಗಾಳಿ ನಿಂತು ಪಟ ನೀರಿಗೆ ಬಿದ್ದರೆ ಲೈನುಗಳನ್ನು ಬಾರಿಗೆ ಸುತ್ತಿಕೊಂಡು ನಾವೇ ದಡ ಸೇರಬೇಕಾಗಬಹುದು.

ಎರಡನೆಯದು ತೊಡೆ ಮತ್ತು ನಡು. ನೀರಿನಿಂದ ಏಳುವ ಕ್ಷಣವೆಂದರೆ, ಮಂಡಿ ಎದೆಗೆ ತಂದು ಬೋರ್ಡಿನ ಪಟ್ಟಿಗಳಿಗೆ ಪಾದ ತೂರಿಸಿ, ಪಟ ಇಳಿಬಂದು ಎಳೆಯುವಾಗ ಕುಕ್ಕರಗಾಲಿನಿಂದ ಮೇಲೇಳುವುದು. ಬಳಿಕ ಮಂಡಿ ತುಸು ಬಾಗಿಸಿ, ಸೊಂಟ ಮುಂದೊತ್ತಿ, ಹಿಮ್ಮಡಿಯ ಭಾರದಿಂದ ಬೋರ್ಡಿನ ಅಂಚನ್ನು ನೀರಿಗೊತ್ತಿ, ಮುಂಡವನ್ನು ಹೋಗುವ ದಿಕ್ಕಿಗೆ ತಿರುಚಿ ನಿಲ್ಲಬೇಕು. ಇದಕ್ಕೆ ನಮ್ಮ ಬಸ್ಕಿಯೇ ಒಳ್ಳೆಯ ತಯಾರಿ. ಜೊತೆಗೆ ಉತ್ಕಟಾಸನ, ಪಕ್ಕೆಯ ಸ್ನಾಯುಗಳಿಗೆ ವಸಿಷ್ಠಾಸನ, ಸೊಂಟದ ಕೀಲು ಸಡಿಲಾಗಲು ಮಾಲಾಸನ ಮಾಡಬಹುದು. ಭುಜದ ಕೀಲು ಹಿಂದೆ ತಪ್ಪಿದ್ದವರು, ಬೆನ್ನು ಅಥವಾ ಮಂಡಿಗೆ ಪೆಟ್ಟಾಗಿದ್ದವರು, ಹೃದಯದ ತೊಂದರೆ ಅಥವಾ ಮೂರ್ಛೆರೋಗ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಾಗಿ ಫ್ರಾನ್ಸಿನ ಮಾರ್ಸೆ ನಗರದ ಕಡಲಲ್ಲಿ ಸ್ಪರ್ಧಿಸಿದ ಕೈಟ್ ಕ್ರೀಡಾಪಟುಗಳ ಮೈಕಟ್ಟನ್ನು ಅಳತೆಗೋಲಾಗಿ ಇಟ್ಟುಕೊಳ್ಳುವ ಅಗತ್ಯವಿಲ್ಲ.

ರಾಮೇಶ್ವರದ ಆಳವಿಲ್ಲದ ನೀರಿನಲ್ಲಿ ಕಲಿಯುವವರಿಗೆ ಬಿದ್ದಲ್ಲೇ ನಿಂತು ಸುಧಾರಿಸಿಕೊಳ್ಳುವ ಅನುಕೂಲವಿದೆ. ಆದರೂ ಬಿಸಿಲು, ಉಪ್ಪು, ಗಾಳಿ ಮೂರೂ ಸೇರಿ ಮೈಯ ನೀರನ್ನು ಗೊತ್ತಾಗದಂತೆ ಹೀರುತ್ತವೆ. ಗಾಳಿಯ ವೇಗ 12 ನಾಟ್‌ನಿಂದ 24ಕ್ಕೇರಿದರೆ ಪಟದ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ದಣಿದ ಮೈಗೆ ಅದನ್ನು ಸಂಭಾಳಿಸುವ ಎಚ್ಚರ ಉಳಿದಿರುವುದಿಲ್ಲ. ಪಟ ಎಳೆದ ಮೇಲೆ ಏಳಲು ತೊಡೆ ತಡಮಾಡತೊಡಗಿದಾಗ, ಬೆರಳು ಮತ್ತೆ ಬಾರನ್ನು ಬಿಗಿಯತೊಡಗಿದಾಗ, ಆ ದಿನದ ಅಭ್ಯಾಸ ನಿಲ್ಲಿಸಿ ದಡಕ್ಕೆ ಬರಬೇಕು.