ಬರೆಯುವವರ ಪದವಿ: ಫೀಸಿನಾಚೆಗಿನ ಲೆಕ್ಕ

ಪಿಯು ಫಲಿತಾಂಶ ಬಂದ ವಾರ ಹಾಸನ ಸುತ್ತಮುತ್ತಲ ಎಷ್ಟೋ ಮನೆಗಳಲ್ಲಿ ಇದೇ ಮಾತು. ಮಗಳು ಚೆನ್ನಾಗಿ ಬರೆಯುತ್ತಾಳೆ, ಐಚ್ಛಿಕ ಕನ್ನಡವೋ ಪತ್ರಿಕೋದ್ಯಮವೋ ಓದುತ್ತೇನೆ ಅನ್ನುತ್ತಾಳೆ. ‘ಬಿ.ಎ. ಮಾಡಿ ಏನು ಸಿಗುತ್ತಮ್ಮ?’ ಎಂದು ಅಪ್ಪನ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಲೆಕ್ಕಕ್ಕೆ ಕೂತಾಗ ಇಬ್ಬರೂ ಕಾಲೇಜಿನ ಫೀಸು ಮಾತ್ರ ನೋಡುತ್ತಾರೆ. ದೊಡ್ಡ ಖರ್ಚು ಅಲ್ಲಿಲ್ಲ.

ಮನೆಯಿಂದಲೇ ಓಡಾಡಿ ಸರ್ಕಾರಿ ಕಾಲೇಜಿನಲ್ಲಿ ಓದಿದರೆ ಫೀಸು, ಪುಸ್ತಕ, ಊಟ, ಪಾಸು ಸೇರಿ ವರ್ಷಕ್ಕೆ 25,000 ಅಂದುಕೊಳ್ಳಿ. ಮೂರು ವರ್ಷಕ್ಕೆ 75,000. ಬೇಲೂರಿನಿಂದಲೋ ಸಕಲೇಶಪುರದಿಂದಲೋ ದಿನಾ ಬರುವ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸಾರಿಗೆ ಬಸ್ಸಿನ ಖರ್ಚೇ ಇಲ್ಲ, ಇನ್ನೂ ಕಡಿಮೆಯಾದೀತು. ಅದೇ ಹುಡುಗಿ ಪಿಯು ಮುಗಿಸಿ ತಿಂಗಳಿಗೆ 12,000ದ ಕೆಲಸಕ್ಕೆ ಸೇರಿದ್ದರೆ ಮೂರು ವರ್ಷಕ್ಕೆ 4,32,000 ದುಡಿಯುತ್ತಿದ್ದಳು. ಕೈಬಿಟ್ಟ ಈ ಸಂಬಳವೂ ಪದವಿಯ ಬೆಲೆಯೇ. ಒಟ್ಟು 5,07,000. ಅದರಲ್ಲಿ ಕಾಲೇಜಿನ ಬಾಬ್ತು ಏಳನೇ ಒಂದು ಪಾಲು ಇದ್ದೀತು, ಅಷ್ಟೆ.

ಇನ್ನು ವಾಪಸಾತಿ. ಕೆಲಸಕ್ಕೆ ಸೇರಿದ ಗೆಳತಿಯ ಸಂಬಳ ಅಷ್ಟರಲ್ಲಿ 15,000 ಆಗಿರುತ್ತದೆ. ಪದವಿ ಮುಗಿಸಿದವಳಿಗೆ 18,000 ಸಿಕ್ಕಿತು ಅಂದರೆ ತಿಂಗಳಿಗೆ ವ್ಯತ್ಯಾಸ ಬರೀ 3,000. ಹಾಕಿದ್ದು ಮರಳಲು ಹದಿನಾಲ್ಕು ವರ್ಷ. 25,000ದ ಕೆಲಸ ಸಿಕ್ಕರೆ ನಾಲ್ಕೂಕಾಲು ವರ್ಷ ಸಾಕು. ಸಂಬಳದಲ್ಲಿ 7,000ದ ಹೆಚ್ಚಳ ಹತ್ತು ವರ್ಷವನ್ನೇ ನುಂಗಿತು ನೋಡಿ. ಅದಕ್ಕೇ ಲೆಕ್ಕ ಹಾಕುವಾಗ ಆಸೆಯ ಸಂಬಳ ಬೇಡ, ಹಿಂದಿನ ವರ್ಷ ಅದೇ ಕಾಲೇಜಿನಿಂದ ಹೊರಬಿದ್ದವರಿಗೆ ನಿಜಕ್ಕೂ ಸಿಕ್ಕ ಸಂಬಳ ಹಿಡಿಯಿರಿ. ನಾಲ್ಕೈದು ಜನರನ್ನು ವಿಚಾರಿಸಿದರೆ ಗೊತ್ತಾಗುತ್ತದೆ; ಕಾಲೇಜಿನ ಕರಪತ್ರದಲ್ಲಿ ಗೊತ್ತಾಗುವುದಿಲ್ಲ.

ಹೆಚ್ಚಿನವರು ಎಡವುವುದು ಸಾಲ ಮಾಡಿ ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಮಾಧ್ಯಮ ಸ್ನಾತಕೋತ್ತರಕ್ಕೆ ಸೇರುವಾಗ. ವರ್ಷಕ್ಕೆ 2 ಲಕ್ಷದಂತೆ 4 ಲಕ್ಷ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದುವಾಗಲೂ ಮುಗಿದ ಮೇಲೆ ಒಂದು ವರ್ಷವೂ ಕಂತಿಲ್ಲ. ಕಂತಿಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಮೊದಲ 2 ಲಕ್ಷಕ್ಕೆ ಮೂರು ವರ್ಷದ 60,000, ಎರಡನೆಯದಕ್ಕೆ ಎರಡು ವರ್ಷದ 40,000 ಸೇರಿ, ಕಂತು ಶುರುವಾಗುವ ದಿನ ಸಾಲ 5 ಲಕ್ಷವಾಗಿ ನಿಂತಿರುತ್ತದೆ. ಏಳು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 8,300. ಕಂತು ಸಂಬಳದ ಕಾಲು ಭಾಗ ಮೀರಬಾರದು ಅಂದರೆ ಕೈಗೆ 33,000 ಬರಬೇಕು. 20,000ಕ್ಕೆ ಸುದ್ದಿಮನೆ ಸೇರಿ, ಬೆಂಗಳೂರಲ್ಲಿ ಬಾಡಿಗೆ ಕಟ್ಟಿ, ಈ ಕಂತು ಕಟ್ಟಲಾಗುವುದಿಲ್ಲ.

ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಚಿತ್ರ ಬದಲಾಗುತ್ತದೆ: ಮೊದಲ ವರ್ಷ ತಿಂಗಳಿಗೆ 1,667, ಆಮೇಲೆ ಕಂತು ಶುರುವಾಗುವ ತನಕ ಎರಡು ವರ್ಷ 3,333. ಆಗ ಅಸಲು 4 ಲಕ್ಷದಲ್ಲೇ ನಿಂತು ಕಂತು 6,640ಕ್ಕೆ ಇಳಿಯುತ್ತದೆ. ಮೊದಲೇ ಕಟ್ಟಿದ 1 ಲಕ್ಷ, ಮುಂದೆ ಕಟ್ಟಬೇಕಿದ್ದ ಸುಮಾರು 1,39,000 ಉಳಿಸುತ್ತದೆ. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿದರದಲ್ಲೂ ರಿಯಾಯಿತಿ ಕೊಡುತ್ತವೆ. ಅರ್ಜಿ ಹಾಕುವ ದಿನವೇ ಕೇಳಿ.

4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ ಎಂಬ ಧೈರ್ಯವೂ ಪೂರ್ತಿ ನಿಜವಲ್ಲ. ಅಪ್ಪನೋ ಅಮ್ಮನೋ ಸಹಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಮಗನ ಕಂತು ತಪ್ಪಿದರೆ ಅವರ ಸಿಬಿಲ್ ಅಂಕವೂ (ಸಾಲ ತೀರಿಸುವ ನಡವಳಿಕೆಗೆ ಕೊಡುವ ಅಂಕ) ಬೀಳುತ್ತದೆ. ಗೊತ್ತಾಗುವುದು ಆಲೂಗಡ್ಡೆ ಬಿತ್ತನೆಗೆ ಬೆಳೆಸಾಲ ಕೇಳಲು ಹೋದಾಗ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರವೇ ಬಡ್ಡಿ ಭರಿಸುತ್ತದೆ ಎಂದು ಯಾರಾದರೂ ಹೇಳಿಯಾರು. ಆ ಯೋಜನೆ ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ, ಸಾದಾ ಬಿ.ಎ., ಎಂ.ಎ.ಗೆ ಅದನ್ನು ನಂಬಿ ಸಾಲಕ್ಕಿಳಿಯಬೇಡಿ. ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಷ್ಟೇ ಇದೆ. ಅಷ್ಟಕ್ಕೂ 20,000 ಸಂಬಳದವರಿಗೆ ತೆರಿಗೆಯೇ ಬರುವುದಿಲ್ಲ, ವಿನಾಯಿತಿ ಕಟ್ಟಿಕೊಂಡು ಏನು ಮಾಡುವುದು!

ಹಾಗಾದರೆ ಈ ಪದವಿಗೆ ಬೆಲೆ ಬರುವುದು ಎಲ್ಲಿ? ಬರವಣಿಗೆಗಲ್ಲ, ಅರ್ಹತೆಗೆ. ಸರ್ಕಾರಿ ಕಚೇರಿಯ ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕ) ಪಿಯು ಸಾಕು. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕೆಎಎಸ್‌ಗೆ ಪದವಿ ಬೇಕು, ಯಾವುದಾದರೂ ಸರಿ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೇ ಒಂದು ಪತ್ರಿಕೆಯಿದೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 1,750 ಅಂಕಗಳಲ್ಲಿ 500 ಐಚ್ಛಿಕ ವಿಷಯದ್ದು, ಕನ್ನಡ ಸಾಹಿತ್ಯವನ್ನೂ ಆರಿಸಿಕೊಳ್ಳಬಹುದು. ಬರೆದು ಪಳಗಿದ ಕೈಗೆ ಸಂಬಳ ಹುಟ್ಟುವುದು ಹೆಚ್ಚಾಗಿ ಇಂಥ ಕಡೆ.

ಶಿಕ್ಷಕರಾಗುವ ಯೋಚನೆಯಿದ್ದರೆ ಸೇರುವ ದಿನವೇ ವಿಷಯಗಳ ಜೋಡಿ ನೋಡಿಕೊಳ್ಳಿ. ಪತ್ರಿಕೋದ್ಯಮ ಶಾಲೆಯಲ್ಲಿ ಕಲಿಸುವ ವಿಷಯವಲ್ಲ. ಕನ್ನಡವನ್ನು ಭಾಷಾ ಪತ್ರಿಕೆಯಾಗಿ ಓದಿದ್ದು ಸಾಲದು, ಐಚ್ಛಿಕವಾಗಿಯೇ ಓದಿರಬೇಕು. ಜೊತೆಗೆ ಇತಿಹಾಸದಂಥ ಇನ್ನೊಂದು ಶಾಲಾ ವಿಷಯ ಇರಲಿ, ಬಿ.ಎಡ್‌ಗೆ ಅನುಕೂಲ. ಎಂ.ಎ.ಯಲ್ಲಿ ಶೇ. 55 ಎಂಬ ಗೆರೆ ಮರೆಯಬೇಡಿ: ಪಿಯು ಉಪನ್ಯಾಸಕರಿಗೂ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಬರೆಯುವವರಿಗೂ ಸಾಮಾನ್ಯ ವರ್ಗದಲ್ಲಿ ಅದೇ ಗೆರೆ. 54 ಬಂದರೆ ಎರಡು ವರ್ಷದ ಓದು ಈ ಬಾಗಿಲಿಗೆ ಕೀಲಿಯಾಗುವುದಿಲ್ಲ. ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಶಿಷ್ಯವೇತನ) ಸಿಕ್ಕವರಿಗೆ ತಿಂಗಳಿಗೆ 37,000 ಬರುತ್ತದೆ, ಎಂ.ಎ.ಯ ಅತಿ ದೊಡ್ಡ ಲಾಭ ಅದು, ಹಾಗೆಯೇ ತೀರಾ ಕೆಲವರಿಗೆ ಸಿಗುವಂಥದ್ದು. ಸ್ನಾತಕೋತ್ತರ ಬೇಕೇ ಬೇಕು ಅನ್ನುವವರು ಬೆಂಗಳೂರಿಗೆ ಮುಂಚೆ ಹಾಸನದ ಸ್ನಾತಕೋತ್ತರ ಆವರಣ ಹೇಮಗಂಗೋತ್ರಿಯಲ್ಲಿ ವಿಚಾರಿಸಲಿ. ಮನೆಯ ಊಟವೇ ದೊಡ್ಡ ವಿದ್ಯಾರ್ಥಿವೇತನ.

ಬರೆದೇ ಬದುಕುವ ದಾರಿಗೆ ಅಂಕಪಟ್ಟಿ ಯಾರೂ ಕೇಳುವುದಿಲ್ಲ. ಮಾದರಿ ಕೆಲಸ ಕೇಳುತ್ತಾರೆ. ಅದನ್ನು ಆ ಮೂರು ವರ್ಷದಲ್ಲೇ ಕೂಡಿಸಬೇಕು: ಇಂಗ್ಲಿಷ್‌ನಿಂದ ಕನ್ನಡಕ್ಕೆ ತಂದ ಒಂದಿಪ್ಪತ್ತು ಪುಟ, ಐದಾರು ವರದಿ, ಒಂದೆರಡು ಜಾಹೀರಾತು ಬರಹ. ನುಡಿ ತಂತ್ರಾಂಶದಲ್ಲೂ ಯೂನಿಕೋಡ್‌ನಲ್ಲೂ ಬೆರಳಚ್ಚು ಬರಬೇಕು. ಹಳೆಯ ಫಾಂಟಿನಿಂದ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ನೋಡದೆ ಕಳಿಸಿದರೆ ಎರಡನೇ ಸಲ ಕೆಲಸ ಬರುವುದಿಲ್ಲ. ಅನುವಾದಕ್ಕೆ ಪದಕ್ಕೆ 1 ರೂಪಾಯಿ ಸಿಕ್ಕಿ, ದಿನಕ್ಕೆ 1,200 ಪದದಂತೆ 20 ದಿನ ಮಾಡಿದರೆ 24,000. ಕಾಗದದ ಮೇಲೆ ಇದು ಸುದ್ದಿಮನೆಗಿಂತ ವಾಸಿ. ಆದರೆ ಕೆಲಸ ಪ್ರತಿ ತಿಂಗಳೂ 20 ದಿನ ಇರುವುದಿಲ್ಲ, ತಿದ್ದುಪಡಿಗೆ ದುಡ್ಡಿಲ್ಲ, ಬಿಲ್ಲು ಎರಡು ಮೂರು ತಿಂಗಳು ಎಳೆಯುತ್ತದೆ, ಸಂಸ್ಥೆಗಳು ಶೇ. 10 ತೆರಿಗೆ ಮುರಿದುಕೊಂಡೇ ಕೊಡಬಹುದು. ಮುರಿದದ್ದು ವಾಪಸು ಬೇಕಾದರೆ ಆದಾಯ ಕಡಿಮೆಯಿದ್ದರೂ ರಿಟರ್ನ್ಸ್ ಸಲ್ಲಿಸಬೇಕು. ಮೂರು ತಿಂಗಳ ಮನೆಖರ್ಚು ಕೈಯಲ್ಲಿಲ್ಲದೆ ಇರುವ ಕೆಲಸ ಬಿಟ್ಟು ಇದಕ್ಕೆ ಇಳಿಯಬಾರದು.