ಚೆಶಿನ್ ಊರು ಹೋಳಾಗಿದ್ದು ಯಾಕೆ?

ನಕಾಶೆ ನೋಡಿದರೆ ಉತ್ತರ ಸುಲಭ ಅನಿಸುತ್ತದೆ. ಓಲ್ಜಾ ನದಿಯ ಪೂರ್ವ ದಡದಲ್ಲಿ ಪೋಲೆಂಡಿನ ಚೆಶಿನ್, ಪಶ್ಚಿಮ ದಡದಲ್ಲಿ ಚೆಕ್ ದೇಶದ ಚೆಸ್ಕಿ ತ್ಯೆಶೀನ್. ನದಿ ಅಡ್ಡ ಇದೆ, ಅದೇ ಗಡಿ ಆಯಿತು ಅಂತ ಬರೆದರೆ ಮುಗೀತು, ಅಲ್ವಾ? ಆದರೆ ಜಗಳ ನಡೆದದ್ದು ನದಿಗಲ್ಲ, ರೈಲು ಹಳಿಗೆ.

1918ರವರೆಗೆ ಇದು ಒಂದೇ ಊರು, ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಹ್ಯಾಬ್ಸ್‌ಬರ್ಗ್ ದೊರೆಗಳ ಆಳ್ವಿಕೆ. ಆ ಸಾಮ್ರಾಜ್ಯ ಮುರಿದು ಬಿದ್ದಾಗ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಎರಡೂ ಈ ಸೀಮೆ ತಮ್ಮದು ಎಂದವು. ಇಲ್ಲಿ ಪೋಲಿಷ್ ಮಾತಾಡುವವರೇ ಜಾಸ್ತಿ ಅನ್ನೋದು ಪೋಲೆಂಡಿನ ವಾದ. ಚೆಕೊಸ್ಲೊವಾಕಿಯಾದ ಕಣ್ಣು ಇದೇ ಸೀಮೆಯ ಕಾರ್ವಿನಾ ಊರಿನ ಕಲ್ಲಿದ್ದಲಿನ ಮೇಲಿತ್ತು. ಅದಕ್ಕಿಂತ ಹೆಚ್ಚಾಗಿ ಬೊಹುಮೀನ್–ಕೊಶಿತ್ಸೆ ರೈಲು ಮಾರ್ಗದ ಮೇಲಿತ್ತು. ಚೆಕ್ ಸೀಮೆಯನ್ನು ಸ್ಲೊವಾಕಿಯಾಕ್ಕೆ ಜೋಡಿಸುತ್ತಿದ್ದ ಮುಖ್ಯ ಹಳಿ ಅದು. ಹಾದುಹೋಗುತ್ತಿದ್ದದ್ದು ಇದೇ ಊರಿನ ಪಶ್ಚಿಮ ದಡದಲ್ಲಿ.

1919ರ ಜನವರಿಯಲ್ಲಿ ಏಳು ದಿನ ಯುದ್ಧ ನಡೆಯಿತು. ಜನರನ್ನೇ ಕೇಳೋಣ, ಮತ ಹಾಕಿಸೋಣ ಅಂದರು, ಅದೂ ಆಗಲಿಲ್ಲ. ಕೊನೆಗೆ 1920ರ ಜುಲೈ 28ರಂದು ಮೊದಲ ಮಹಾಯುದ್ಧ ಗೆದ್ದ ಮಿತ್ರರಾಷ್ಟ್ರಗಳ ರಾಯಭಾರಿಗಳು ಗೆರೆ ಎಳೆದರು. ಆಗ ಪೋಲೆಂಡ್ ಸೋವಿಯತ್ ಸೇನೆಯ ಜತೆ ಹೋರಾಡುತ್ತಿತ್ತು, ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. (ಉತ್ತರ ಬರೆಯುವಾಗ ಈ ಕಾರಣ ಬಿಡಬೇಡಿ.)

ಪಾಲು ನೋಡಿ. ಕೋಟೆ ಗುಡ್ಡ, ದೊಡ್ಡ ಚೌಕ, ಹಳೇ ಪೇಟೆ ಪೋಲೆಂಡಿಗೆ. ಮುಖ್ಯ ರೈಲು ನಿಲ್ದಾಣ, ಅದರ ಸುತ್ತ ಬೆಳೆದ ಬಡಾವಣೆ ಚೆಕೊಸ್ಲೊವಾಕಿಯಾಕ್ಕೆ. 1911ರಲ್ಲಿ ಊರಿಗೆ ಟ್ರಾಮ್ ಬಂದಿತ್ತು. ಸ್ಟೇಷನ್ನಿನಿಂದ ಹೊರಟು, ಸೇತುವೆ ದಾಟಿ, ಪೇಟೆಗೆ ಬರುತ್ತಿತ್ತು. ಈಗ ಅದರ ದಾರಿಗೇ ಗಡಿ ಅಡ್ಡ ಬಂತು. 1921ರಲ್ಲಿ ಟ್ರಾಮ್ ನಿಂತೇ ಹೋಯಿತು.

ಮುಂದಿನದನ್ನು ಚುಟುಕಾಗಿ ನೆನಪಿಟ್ಟರೆ ಸಾಕು. 1938ರ ಅಕ್ಟೋಬರಿನಲ್ಲಿ, ಚೆಕೊಸ್ಲೊವಾಕಿಯಾದ ಗಡಿ ಸೀಮೆಯನ್ನು ಜರ್ಮನಿಗೆ ಕೊಟ್ಟ ಮ್ಯೂನಿಕ್ ಒಪ್ಪಂದದ ಬೆನ್ನಿಗೇ, ಪೋಲೆಂಡ್ ಪಶ್ಚಿಮ ದಡವನ್ನೂ ಕಬಳಿಸಿತು. ಮರುವರ್ಷ ಜರ್ಮನಿ ಎರಡನ್ನೂ ನುಂಗಿತು. 1945ರಲ್ಲಿ ಗಡಿ ಮತ್ತೆ ನದಿಗೇ ಬಂತು. 1958ರ ಒಪ್ಪಂದದಲ್ಲಿ ಅದಕ್ಕೆ ಮೊಹರು ಬಿತ್ತು.

2007ರ ಡಿಸೆಂಬರ್ 21ರಿಂದ ಷೆಂಗೆನ್ ನಿಯಮ (ಯುರೋಪಿನ ಸದಸ್ಯ ದೇಶಗಳ ನಡುವೆ ಗಡಿ ತಪಾಸಣೆ ಬೇಡ ಅನ್ನುವ ಒಪ್ಪಂದ) ಜಾರಿಯಾಗಿ ಸೇತುವೆ ಮೇಲಿನ ತಪಾಸಣೆ ಹೋಯಿತು. ದುಡ್ಡು ಮಾತ್ರ ಈಗಲೂ ಬೇರೆ: ಪೋಲೆಂಡಿನ ಕಡೆ ಜ್ಲೋಟಿ, ಚೆಕ್ ಕಡೆ ಕೊರುನಾ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಡಿ ಮುಚ್ಚಿದಾಗ ಪೋಲೆಂಡಿನ ದಡದಲ್ಲಿ ಯಾರೋ ಬ್ಯಾನರ್ ಕಟ್ಟಿದರು: ‘ಚೆಕ್ ಗೆಳೆಯಾ, ನಿನ್ನ ನೆನಪು ಕಾಡ್ತಿದೆ’. ಆಚೆ ದಡದಿಂದಲೂ ಬ್ಯಾನರಿನಲ್ಲೇ ಉತ್ತರ ಬಂತು.

ಗೆರೆ ಎಳೆದದ್ದು ಭಾಷೆ ನೋಡಿ ಅಲ್ಲ ಅನ್ನೋದಕ್ಕೆ ಉದಾಹರಣೆ ಬೇಕಾದರೆ ಚೆಸ್ಕಿ ತ್ಯೆಶೀನ್‌ನ ನಾಟಕಶಾಲೆಯನ್ನೇ ಕೊಡಬಹುದು. ಚೆಕ್ ನೆಲದಲ್ಲಿರುವ ಈ ರಂಗಮಂದಿರದಲ್ಲಿ ಚೆಕ್ ತಂಡದ ಜತೆಗೆ ಪೋಲಿಷ್ ತಂಡವೂ ಇದೆ, 1951ರಿಂದ.